ನಿಮ್ಮ ವಾಟರ್ ವರ್ಕ್ಸ್ ಹೇಗಿದೆ?

ನಮ್ಮ ಮಾವನವರು ಹಳೇ ಮೈಸೂರು ಸೀಮೆಯ ಒಂದು ಪಟ್ಟಣದಲ್ಲಿ ನೀರು ಸರಬರಾಜಿನ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಮಗನ ಮನೆಗೆಂದು ಸಿಡ್ನಿಯ ವೆಂಟ್‌ವರ್ತ್‌ವಿಲ್‌ಗೆ ಬಂದು ಏಳು ವರ್ಷವಾಯಿತು. ಈ ಏಳು ವರ್ಷಗಳಲ್ಲಿ ಅವರ ಇಲಾಖೆಯ ಬಗ್ಗೆ ಒಂದು ನರಪಿಳ್ಳೆಯೂ ವಿಚಾರಿಸಿರಲಿಲ್ಲ. ಹೋದ ಚಳಿಗಾಲದಲ್ಲಿ ರಾತ್ರಿ ನಾಲ್ಕು ನಾಲ್ಕು ಸಲ ಎದ್ದು ಓಡಾಡತೊಡಗಿದಾಗ ಹತ್ತಿರದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯ ಮನುಷ್ಯ. ಕುರ್ಚಿ ತಿರುಗಿಸಿಕೊಂಡು ಮುಖದ ತುಂಬ ನಗುತ್ತ ಕೇಳಿದರು: ‘ಹೌ ಆರ್ ದ ವಾಟರ್‌ವರ್ಕ್ಸ್?’

ಮಾವನವರ ಬೆನ್ನು ನೆಟ್ಟಗಾಯಿತು.

‘ತುಂಬ ಹಳೇ ಸಿಸ್ಟಮ್ಮು, ಸಾರ್. ಪ್ರೆಶರ್ರೇ ಇಲ್ಲ. ಕೊನೇ ಬೀದಿಗೆ ಬರೋ ಹೊತ್ತಿಗೆ ಹನಿ ಹನಿ.’ ಇಷ್ಟನ್ನೂ ಅವರು ಹೇಳಿದ್ದು ಇಂಗ್ಲಿಷಿನಲ್ಲೇ. ಡಾಕ್ಟರು ಬರೆದುಕೊಂಡರು.

‘ಸೋರಿಕೆ ಇದೆಯೇ?’

‘ಧಾರಾಳವಾಗಿ. ನಾನು ರಿಟೈರ್ ಆಗೋ ಮುಂಚಿನಿಂದ.’

‘ರಾತ್ರಿ ಹೊತ್ತು?’

‘ರಾತ್ರಿ ಹೊತ್ತೇ ಸಾರ್ ನಾವು ನೀರು ಬಿಡ್ತಾ ಇದ್ದದ್ದು.’

‘ಪೂರ್ತಿ ಖಾಲಿಯಾಯಿತು ಅನ್ನಿಸುತ್ತದೆಯೇ?’

‘ಎಲ್ಲಿ ಸಾರ್! ಟ್ಯಾಂಕಿನ ತಳದಲ್ಲಿ ಯಾವಾಗಲೂ ಒಂದಿಷ್ಟು ಉಳಿದೇ ಇರುತ್ತೆ.’

ಹತ್ತು ನಿಮಿಷದಲ್ಲಿ ಮಾವನವರು ಊರಿನ ಪೈಪುಗಳ ನಕ್ಷೆ ಮುಗಿಸಿದರು, ಡಾಕ್ಟರು ಪ್ರಾಸ್ಟೇಟಿನ ನಕ್ಷೆ ಮುಗಿಸಿದರು. ಎರಡೂ ತಾಳೆಯಾದವು. ಕಾಯಿಲೆ ಪತ್ತೆಯಾಯಿತು, ಔಷಧಿಯೂ ನಡೆದಿದೆ, ಮಾವನವರು ಈಗ ರಾತ್ರಿ ಒಂದೇ ಸಲ ಏಳುತ್ತಾರೆ. ಅವತ್ತು ಒಬ್ಬರ ಮಾತು ಒಬ್ಬರಿಗೆ ತಿಳಿಯಲಿಲ್ಲ ಎನ್ನುವುದು ಇಬ್ಬರಿಗೂ ಇವತ್ತಿನವರೆಗೆ ತಿಳಿದಿಲ್ಲ. ತಿಳಿದದ್ದು ಪಕ್ಕದಲ್ಲಿದ್ದ ಸೊಸೆಗೆ: ಇಲ್ಲಿಯ ಡಾಕ್ಟರ ಬಾಯಲ್ಲಿ ವಾಟರ್‌ವರ್ಕ್ಸ್ ಎಂದರೆ ಮೂತ್ರದ ವಿಷಯ. ಆದರೆ ಮಾವನವರ ಮೂತ್ರದ ವಿಷಯದಲ್ಲಿ ಸೊಸೆ ಬಾಯಿ ಹಾಕುವುದುಂಟೇ? ನಾನು ಗೋಡೆಯ ಮೇಲಿನ ಪೋಸ್ಟರ್ ನೋಡುತ್ತ ಕೂತಿದ್ದೆ. ಡಾಕ್ಟರನ್ನು ಧೈರ್ಯವಾಗಿ ಪ್ರಶ್ನೆ ಕೇಳಿ ಎಂದು ಅದರಲ್ಲಿ ಬರೆದಿತ್ತು.

ಡಾಕ್ಟರ ಮಾತು ರೋಗಿಗೆ ತಿಳಿಯುವುದಕ್ಕೆ ಸರ್ಕಾರದ ಭಾಷೆಯಲ್ಲಿ ‘ಹೆಲ್ತ್ ಲಿಟರಸಿ’ ಎನ್ನುತ್ತಾರೆ. ಕನ್ನಡದಲ್ಲಿ ಆರೋಗ್ಯ ಸಾಕ್ಷರತೆ. ಎರಡರಲ್ಲಿ ಯಾವುದನ್ನು ಹೇಳಿದರೂ ನಮ್ಮ ಅತ್ತೆಗೆ ಅರ್ಥವಾಗುವುದಿಲ್ಲ ಎನ್ನುವುದು ಈ ಪದದ ಮೊದಲ ಲಕ್ಷಣ.

ಸಾಕ್ಷರತೆ ಇಲ್ಲದವರು ಎಂದರೆ ನಮ್ಮಂಥ ವಲಸಿಗರೆಂದು ನೀವು ಊಹಿಸಿದ್ದರೆ ತಪ್ಪು. 2006ರಲ್ಲಿ ಆಸ್ಟ್ರೇಲಿಯಾದ ಅಂಕಿಅಂಶ ಇಲಾಖೆ 15ರಿಂದ 74 ವರ್ಷದವರನ್ನು ಅಳೆದು ನೋಡಿತು. ಆರೋಗ್ಯದ ವಿಷಯ ಓದಿ, ಅರ್ಥ ಮಾಡಿಕೊಂಡು, ಅದರಂತೆ ನಡೆಯುವ ಸಾಮರ್ಥ್ಯ ಸಾಲದವರು ನೂರಕ್ಕೆ ಸುಮಾರು 60 ಮಂದಿ. ಅಂದರೆ ಈ ದೇಶದಲ್ಲಿ ಮದ್ದಿನ ಚೀಟಿ ಅರ್ಥವಾಗದವರದ್ದೇ ಬಹುಮತ. ಅವರು ಪಕ್ಷ ಕಟ್ಟಿಕೊಂಡರೆ ಚುನಾವಣೆ ಗೆಲ್ಲಬಹುದು. ಮತಪತ್ರ ತುಂಬುವುದು ಹೇಗೆಂಬ ಕೈಪಿಡಿ ಅವರಿಗೆ ಅರ್ಥವಾಗಬೇಕು, ಅಷ್ಟೇ.

ಇಂಥ ಅಂಕಿ ಕೈಗೆ ಬಂದಾಗ ಸರ್ಕಾರ ಏನು ಮಾಡುತ್ತದೆ? ಯೋಜನೆ ಬರೆಯುತ್ತದೆ.

ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ದಾಯಾದಿ ರಾಜ್ಯಗಳು. ಸಿಡ್ನಿ ದೊಡ್ಡದೋ ಮೆಲ್ಬರ್ನ್ ದೊಡ್ಡದೋ ಎಂಬ ಜಗಳ ಬಗೆಹರಿಯದೆ ನಡುವೆ ಕ್ಯಾನ್‌ಬೆರಾ ಎಂಬ ರಾಜಧಾನಿಯನ್ನೇ ಕಟ್ಟಬೇಕಾಯಿತು. ಯೋಜನೆಯ ವಿಷಯದಲ್ಲೂ ಅವರು ಹಾಗೆಯೇ. ನಮ್ಮ ಕಡೆ ಕ್ಲಿನಿಕಲ್ ಎಕ್ಸಲೆನ್ಸ್ ಕಮಿಷನ್ ಎಂಬ ಸಂಸ್ಥೆ ‘ಆರೋಗ್ಯ ಸಾಕ್ಷರತಾ ಚೌಕಟ್ಟು 2019–2024’ ಹೊರತಂದಿತು. ಅದರ ಜೊತೆಜೊತೆಗೆ ಬಹುಭಾಷಾ ಸಮುದಾಯಗಳ ಆರೋಗ್ಯಕ್ಕೆಂದು 2019–2023ರ ಇನ್ನೊಂದು ಯೋಜನೆ. ಈ ಎರಡನೆಯದರಲ್ಲಿ ನಮಗೆಲ್ಲ ಸೇರಿ ಒಂದು ಹೆಸರಿದೆ: ‘ಕಾಲ್ಡ್’. ಸಾಂಸ್ಕೃತಿಕವಾಗಿಯೂ ಭಾಷಿಕವಾಗಿಯೂ ವೈವಿಧ್ಯವುಳ್ಳವರು ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ಏಳು ವರ್ಷದಿಂದ ವೈವಿಧ್ಯವಾಗಿ ಬದುಕುತ್ತಿದ್ದೀರಿ ಎಂದು ನಮ್ಮ ಅತ್ತೆಗೆ ಯಾರೂ ಹೇಳಿರಲಿಲ್ಲ. ದಿನಾ ಅದೇ ತಿಳಿಸಾರು ಮಾಡುತ್ತಿದ್ದಾರೆ, ಪಾಪ.

ವಿಕ್ಟೋರಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಯೋಜನೆ ಬರೆಯುವುದು ಕಾನೂನು. 2008ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರ ನಾಲ್ಕು ವರ್ಷಕ್ಕೊಮ್ಮೆ ಒಂದು ಆರೋಗ್ಯ ಯೋಜನೆ ಹೊರಡಿಸಲೇಬೇಕು. ಈಗಿನದು 2023–27ರದು, ಅದರಲ್ಲಿ ಹತ್ತು ಆದ್ಯತೆಗಳು. ಅಷ್ಟೇ ಅಲ್ಲ, ರಾಜ್ಯದ 79 ನಗರಸಭೆಗಳೂ ಚುನಾವಣೆಯಾಗಿ ಹನ್ನೆರಡು ತಿಂಗಳೊಳಗೆ ತಮ್ಮ ತಮ್ಮ ಯೋಜನೆ ಸಿದ್ಧಪಡಿಸಬೇಕು. ನಮ್ಮೂರಿನಲ್ಲಿ ಚುನಾವಣೆಯಾದರೆ ಚರಂಡಿ ಆಗುತ್ತದೆಂದು ಕಾಯುತ್ತೇವೆ, ಅಲ್ಲಿ ಯೋಜನೆ ಆಗುತ್ತದೆಂದು ಖಾತ್ರಿಯಿದೆ.

ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ನಮ್ಮ ಅಕ್ಕ ಭಾವ ಇದ್ದಾರೆ. ಭಾವ ಫೋನಿನಲ್ಲಿ ಹೆಮ್ಮೆಯಿಂದ, ‘ನಮ್ಮ ಕಡೆ ಪ್ರತಿಯೊಂದು ಕೌನ್ಸಿಲ್ಲೂ ಆರೋಗ್ಯ ಯೋಜನೆ ಮಾಡುತ್ತೆ ಕಣಮ್ಮ, ನಿಮ್ಮ ಸಿಡ್ನಿ ಥರ ಅಲ್ಲ’ ಅಂದರು.

‘ನೀವು ಓದಿದ್ದೀರಾ ಭಾವ?’

‘ಓದೋದಕ್ಕಲ್ಲಮ್ಮ ಅದು, ಇರೋದಕ್ಕೆ.’

ಭಾವ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಯೋಜನೆಯ ತತ್ತ್ವಶಾಸ್ತ್ರವನ್ನು ಇಷ್ಟು ಚೊಕ್ಕವಾಗಿ ಯಾವ ಪ್ರೊಫೆಸರೂ ಹೇಳಿಲ್ಲ.

ಓದಲು ಹೊರಟವರ ಪಾಡು ಬೇರೆ. ಆರೋಗ್ಯದ ಮಾತು ಜನರಿಗೆ ಸರಳವಾಗಿ ತಿಳಿಯಬೇಕು ಎಂಬ ಒಂದು ಸರಳ ಮಾತನ್ನು ಹೇಳಲು ಈ ಕಡತಗಳಿಗೆ ಸ್ಟೇಕ್‌ಹೋಲ್ಡರುಗಳು ಬೇಕು, ಪಿಲ್ಲರುಗಳು ಬೇಕು, ಎನೇಬ್ಲರುಗಳು ಬೇಕು, ಕೊನೆಗೆ ಬಾಣದ ಗುರುತುಗಳಿರುವ ಒಂದು ದುಂಡನೆಯ ಚಿತ್ರ ಬೇಕು. ಬಾಣಗಳು ಒಂದರ ಹಿಂದೆ ಒಂದು ಸುತ್ತಿ ಹೊರಟಲ್ಲಿಗೇ ಬರುತ್ತವೆ. ಪ್ರದಕ್ಷಿಣೆ ಹಾಕಿದ ಪುಣ್ಯ ಬರುತ್ತದೆ, ಒಳಗೆ ದೇವರಿಲ್ಲ. ಕೋವಿಡ್ ಕಾಲದಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಸರ್ಕಾರಿ ಜಾಲತಾಣಗಳ ಬರಹವನ್ನೇ ತಕ್ಕಡಿಗೆ ಹಾಕಿದರು. ಎಂಟನೇ ತರಗತಿಯವರಿಗೆ ತಿಳಿಯುವಂತೆ ಬರೆಯಬೇಕು ಎಂಬುದು ಸರ್ಕಾರಕ್ಕಿರುವ ಸಲಹೆ. ಬರಹ ಆ ಮಟ್ಟಕ್ಕೆ ಇಳಿದಿರಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಇಲ್ಲಿ ನಮ್ಮ ಗ್ರ್ಯಾನಿ ಫ್ಲ್ಯಾಟಿನ ಹುಡುಗನ ಕಥೆ ಹೇಳಬೇಕು. ಸಿಡ್ನಿಯಲ್ಲಿ ಹಿತ್ತಲಿನ ಪುಟ್ಟ ಮನೆಗೆ ಗ್ರ್ಯಾನಿ ಫ್ಲ್ಯಾಟ್ ಎನ್ನುತ್ತಾರೆ. ನಮ್ಮಲ್ಲಿ ಗ್ರ್ಯಾನಿ ಒಳಮನೆಯಲ್ಲಿ, ಫ್ಲ್ಯಾಟಿನಲ್ಲಿ ಹುಬ್ಬಳ್ಳಿಯ ಹುಡುಗ. ಅವನಿಗೆ ಪಿಆರ್ ಬೇಕಿತ್ತು. ಕಾಯಂ ವಾಸಕ್ಕೆ ಅಂಕಗಳ ಲೆಕ್ಕವಿದೆ. ಅದರಲ್ಲಿ ಐದು ಅಂಕ ಮಾತೃಭಾಷೆಯಿಂದ ಸಿಗುತ್ತದೆ. ಭಾಷಾಂತರಕಾರರಿಗೆ ಅರ್ಹತೆ ಕೊಡುವ ನಾಟಿ ಎಂಬ ಸಂಸ್ಥೆ ನಡೆಸುವ ಸಿಸಿಎಲ್ ಎಂಬ ಪರೀಕ್ಷೆ ಅದು. ಇಂಗ್ಲಿಷಿನವರೊಬ್ಬರು, ಕನ್ನಡದವರೊಬ್ಬರು ಆಡುವ ಎರಡು ಸಂಭಾಷಣೆಗಳು. ಆಸ್ಪತ್ರೆ, ವಿಮೆ, ಬಾಡಿಗೆ, ಪೊಲೀಸು, ಏನು ಬೇಕಾದರೂ ಬರಬಹುದು. ಎರಡೂ ಕಡೆ ಅನುವಾದಿಸಬೇಕು. ಪಾಸಾಗಲು 90ಕ್ಕೆ 63 ಆದರೂ ಬೇಕು.

ಹುಡುಗ ದಿನಾ ಬೆಳಿಗ್ಗೆ ಅತ್ತೆಯ ಹತ್ತಿರ ಪಾಠಕ್ಕೆ ಕೂರುತ್ತಿದ್ದ.

‘ಅಮ್ಮಾರ, ಕಿಡ್ನಿಗೆ ಕನ್ನಡದಾಗ ಏನಂತಾರ್ರೀ?’

‘ಕಿಡ್ನಿ ಅಂತಲೇ ಅಂತಾರಪ್ಪ.’

‘ಅಲ್ರೀ, ಪರೀಕ್ಷಾದಾಗ ಹೇಳಾಕ.’

‘ಓ, ಅದಾ? ಮೂತ್ರಪಿಂಡ.’

ಮಾವನವರು ಪೇಪರಿನಿಂದ ತಲೆಯೆತ್ತಿ, ‘ಬೆಳಗಾಗೆದ್ದು ಪಿಂಡದ ಮಾತು ಯಾಕೆ?’ ಅಂದರು.

ಈ ಪರೀಕ್ಷೆಯಲ್ಲೊಂದು ಬಂಗಾರದಂಥ ನಿಯಮವಿದೆ. ಸಂಭಾಷಣೆಯ ಯಾವ ತುಣುಕೂ 35 ಪದ ಮೀರುವುದಿಲ್ಲ. ಅದಕ್ಕಿಂತ ಉದ್ದವಾದರೆ ಕೇಳಿದವನ ತಲೆಯಲ್ಲಿ ನಿಲ್ಲುವುದಿಲ್ಲ, ಇನ್ನೊಬ್ಬರಿಗೆ ದಾಟಿಸಲೂ ಆಗುವುದಿಲ್ಲ. ಮಾತು ತಲುಪಬೇಕಾದರೆ ಎಷ್ಟು ಗಿಡ್ಡವಿರಬೇಕೆಂಬ ಸತ್ಯ ಈ ದೇಶಕ್ಕೆ ಚೆನ್ನಾಗಿ ಗೊತ್ತಿದೆ ಎಂದಾಯಿತು. ವೀಸಾ ಕೇಳಿ ಬರುವ ಹುಡುಗನಿಗೆ ಗೊತ್ತಿದೆ, ಯೋಜನೆ ಬರೆಯುವ ಅಧಿಕಾರಿಗೆ ಗೊತ್ತಿಲ್ಲ. ನನ್ನ ಕೈಯಲ್ಲಿ ಅಧಿಕಾರವಿದ್ದರೆ ಆರೋಗ್ಯ ಇಲಾಖೆಯ ಪ್ರತಿಯೊಬ್ಬ ಯೋಜಕರನ್ನೂ ಸಿಸಿಎಲ್ ಪರೀಕ್ಷೆಗೆ ಕೂರಿಸುತ್ತಿದ್ದೆ. ಫೇಲಾದವರಿಗೆ ಐದು ಅಂಕ ಕಡಿತ.

ನಗುವ ವಿಷಯವಲ್ಲದ್ದೂ ಒಂದಿದೆ, ಹೇಳಿಬಿಡುತ್ತೇನೆ. 2020ರ ಜುಲೈ 4, ಶನಿವಾರ. ಮೆಲ್ಬರ್ನ್‌ನ ಫ್ಲೆಮಿಂಗ್ಟನ್ ಮತ್ತು ನಾರ್ತ್ ಮೆಲ್ಬರ್ನ್‌ನಲ್ಲಿ ಸರ್ಕಾರಿ ವಸತಿಯ ಒಂಬತ್ತು ಎತ್ತರದ ಕಟ್ಟಡಗಳನ್ನು ಕೋವಿಡ್ ಕಾರಣಕ್ಕೆ ನಿಂತ ಮೆಟ್ಟಿಗೆ ಮುಚ್ಚಿದರು. ಒಳಗೆ ಸುಮಾರು 3,000 ಜನ, ಅನೇಕರು ದೂರದೇಶಗಳಿಂದ ಬಂದವರು, ಹತ್ತಾರು ಭಾಷೆಯವರು. ಮೊದಲು ಕಂಡದ್ದು ಪೊಲೀಸರು. ಏನಾಗುತ್ತಿದೆಯೆಂದು ಅವರವರ ಭಾಷೆಯಲ್ಲಿ ಹೇಳುವವರು ಆಮೇಲೆ ಬಂದರು. ಅಷ್ಟರಲ್ಲಿ ಅಲ್ಲಿನ ನಿವಾಸಿಗಳೂ ಸ್ವಯಂಸೇವಕರೂ ತಾವೇ ಸುದ್ದಿಯನ್ನು ಅನುವಾದಿಸಿ ಹಂಚತೊಡಗಿದ್ದರು. ಎಂಟು ಕಟ್ಟಡಗಳಿಗೆ ಐದು ದಿನ, ಒಂಬತ್ತನೆಯದಕ್ಕೆ ಹದಿನಾಲ್ಕು ದಿನ. ಅದೇ ಡಿಸೆಂಬರಿನಲ್ಲಿ ರಾಜ್ಯದ ಓಂಬುಡ್ಸ್‌ಮನ್ ಡೆಬೊರಾ ಗ್ಲಾಸ್ ವರದಿ ಕೊಟ್ಟರು: ಒಂದು ಮಾತನ್ನೂ ಮೊದಲೇ ತಿಳಿಸದೆ ಹಾಗೆ ಮುಚ್ಚಿದ್ದು ರಾಜ್ಯದ ಮಾನವ ಹಕ್ಕು ಕಾನೂನಿಗೆ ವಿರುದ್ಧ. 2023ರಲ್ಲಿ ನಿವಾಸಿಗಳ ಮೊಕದ್ದಮೆ 50 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಯಿತು. ಆರೋಗ್ಯ ಸಾಕ್ಷರತೆಗೆ ಒಂದು ಬೆಲೆಪಟ್ಟಿ ಬೇಕೆನ್ನುವವರು ಇದನ್ನು ಇಟ್ಟುಕೊಳ್ಳಬಹುದು.

ಆ ಕಟ್ಟಡಗಳನ್ನು ಮುಚ್ಚಿದ ಮರುತಿಂಗಳು, 2020ರ ಆಗಸ್ಟಿನಲ್ಲಿ, ಮಾಸ್ಕಿನ ಬಗ್ಗೆ ವಿಕ್ಟೋರಿಯಾ ಸರ್ಕಾರದ ಒಂದು ಅನುವಾದದ ಹಾಳೆಯಲ್ಲಿ ಅರಬ್ಬಿಯೂ ಫಾರ್ಸಿಯೂ ಕಲಸಿಹೋಗಿದ್ದು ಸುದ್ದಿಯಾಯಿತು. ಲಿಪಿ ಒಂದೇ ಥರ ಕಾಣುತ್ತದಲ್ಲ, ಇದ್ದರೆ ಇರಲಿ ಎಂದುಕೊಂಡರೋ ಏನೋ. ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ಮದ್ದಿನ ಚೀಟಿಯನ್ನು ನೆನೆಸಿಕೊಳ್ಳಿ. ಬಳ್ಳಾರಿಯವರೊಬ್ಬರು ಬದುಕಿಕೊಂಡಾರು.

ಸಿಡ್ನಿ ಹಿಂದೆ ಬೀಳಲಿಲ್ಲ. 2021ರಲ್ಲಿ ಕೋವಿಡ್‌ನ ಡೆಲ್ಟಾ ತಳಿ ಬಂದಾಗ ಪಶ್ಚಿಮ ಮತ್ತು ನೈಋತ್ಯ ಭಾಗದ 12 ನಗರಸಭೆಗಳಿಗೆ ‘ಆತಂಕದ ಪ್ರದೇಶ’ ಎಂಬ ಬಿರುದು ಸಿಕ್ಕಿತು. ಕಂಬರ್ಲ್ಯಾಂಡ್, ಪ್ಯಾರಮಟ್ಟಾ, ಬ್ಲ್ಯಾಕ್‌ಟೌನ್, ಅಂದರೆ ಮಸಾಲೆದೋಸೆ ಸಿಗುವ ಸಿಡ್ನಿ ಹೆಚ್ಚುಕಡಿಮೆ ಪೂರ್ತಿ ಅದರೊಳಗೆ. ಆಗಸ್ಟ್ 23ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಕರ್ಫ್ಯೂ. ದಿನಾ ಹನ್ನೊಂದು ಗಂಟೆಗೆ ಟೀವಿಯಲ್ಲಿ ಪತ್ರಿಕಾಗೋಷ್ಠಿ. ಅದು ಮುಗಿದ ಮೇಲೆ ನಮ್ಮ ಮನೆಯಲ್ಲಿ ನನ್ನ ಪತ್ರಿಕಾಗೋಷ್ಠಿ. ಮನೆಯಿಂದ ಐದು ಕಿಲೋಮೀಟರ್ ದಾಟಬಾರದು ಅಂದರೆ ಎಲ್ಲಿಯವರೆಗೆ, ಒಂದು ಗಂಟೆ ವ್ಯಾಯಾಮದಲ್ಲಿ ದೇವರಿಗೆ ಹೂ ಕೀಳುವುದು ಸೇರುತ್ತದೆಯೇ, ಕೆಲವೇ ಕಿಲೋಮೀಟರ್ ಆಚೆಯ ಬಾಲ್ಕಮ್ ಹಿಲ್ಸ್‌ನವರಿಗೆ ಯಾಕೆ ಕರ್ಫ್ಯೂ ಇಲ್ಲ. ಕೊನೆಯ ಪ್ರಶ್ನೆಗೆ ಮಾವನವರೇ ಉತ್ತರ ಹೇಳಿಕೊಂಡರು: ‘ನೀರು ಯಾವಾಗಲೂ ತಗ್ಗಿಗೇ ಹರಿಯೋದು ಕಣಮ್ಮ. ರೂಲ್ಸೂ ಹಾಗೇ.’

ಇನ್ನು ಅನುವಾದವಾದರೂ ಸರಿಯಾಗಿದ್ದರೆ ಸಾಕೇ? ಸಾಲದು ಎನ್ನುವುದಕ್ಕೆ ನಮ್ಮ ಮನೆಯ ಫ್ರಿಜ್ ಸಾಕ್ಷಿ.

ಆಸ್ಟ್ರೇಲಿಯಾದಲ್ಲಿ ಐವತ್ತು ತುಂಬಿದವರಿಗೆ ಕೇಂದ್ರ ಸರ್ಕಾರ ಹುಟ್ಟುಹಬ್ಬದ ಉಡುಗೊರೆಯೊಂದನ್ನು ಅಂಚೆಯಲ್ಲಿ ಕಳಿಸುತ್ತದೆ. 2006ರಲ್ಲಿ ಶುರುವಾದ ಈ ಪದ್ಧತಿಯಲ್ಲಿ 74 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಪುಟ್ಟ ಪೆಟ್ಟಿಗೆ ಬರುತ್ತದೆ. 2024ರ ಜುಲೈಯಿಂದ 45 ದಾಟಿದವರೂ ಕೇಳಿ ಪಡೆಯಬಹುದು. ಕರುಳಿನ ಕ್ಯಾನ್ಸರ್ ಪತ್ತೆಗೆ ಮಲದ ಮಾದರಿ ತೆಗೆದು ಕಳಿಸುವ ಕಿಟ್ ಅದು. ಹಾಸ್ಯವಲ್ಲ, ಬಲು ಒಳ್ಳೆಯ ಯೋಜನೆ. ಈ ದೇಶದಲ್ಲಿ ವರ್ಷಕ್ಕೆ ಸುಮಾರು 15,000 ಜನರಿಗೆ ಈ ಕ್ಯಾನ್ಸರ್ ಬರುತ್ತದೆ, ಬೇಗ ಸಿಕ್ಕಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಕಿಟ್ ಪುಕ್ಕಟೆ, ಅಂಚೆಯೂ ಪುಕ್ಕಟೆ. ಆದರೂ ತಿರುಗಿ ಕಳಿಸುವವರು ನೂರಕ್ಕೆ ಸುಮಾರು 40 ಮಾತ್ರ. ಉಳಿದವರ ಕಪಾಟುಗಳಲ್ಲಿ ಅದು ಮದುವೆಗೆ ಬಂದ ಗೋಡೆ ಗಡಿಯಾರದ ಹಾಗೆ ಕೂತಿರುತ್ತದೆ.

ನಮ್ಮ ಯಜಮಾನರಿಗೆ ಐವತ್ತಾಯಿತು, ಪೆಟ್ಟಿಗೆ ಬಂತು. ಸೂಚನೆಗಳನ್ನು ಓದಿದೆ. ಚಿತ್ರಗಳಿದ್ದವು, ಮಾತು ಸರಳವಾಗಿತ್ತು, ಎಂಟನೇ ತರಗತಿ ಬೇಡ, ನಾಲ್ಕನೇ ತರಗತಿಯವರಿಗೂ ತಿಳಿಯುವಂತಿತ್ತು. ಎರಡು ಬೇರೆ ಬೇರೆ ಸಲದ ಮಾದರಿ ಬೇಕು, ಕಳಿಸುವ ತನಕ ಫ್ರಿಜ್ಜಿನಲ್ಲಿಡಿ ಎಂದಿತ್ತು. ಇಲ್ಲಿಗೆ ಬಂದಾಗ ಅತ್ತೆ, ‘ಎಲ್ಲಿಡಬೇಕು ಅಂದೆ?’ ಎಂದರು.

‘ಫ್ರಿಜ್ಜಿನಲ್ಲಿ, ಅಮ್ಮ.’

‘ದೇವರ ಹಾಲಿರೋ ಫ್ರಿಜ್ಜಿನಲ್ಲಿ?’

‘ಬಿಗಿ ಮುಚ್ಚಳ ಇರುತ್ತಮ್ಮ, ಚೀಲದೊಳಗೆ...’

‘ದೋಸೆಹಿಟ್ಟಿನ ಪಕ್ಕ?’

ಮುಂದಿನ ಮೌನವನ್ನು ಯಾವ ಭಾಷೆಗೂ ಅನುವಾದಿಸುವುದು ಬೇಕಿರಲಿಲ್ಲ. ಸೂಚನೆಯ ಪ್ರತಿಯೊಂದು ಪದವೂ ಅವರಿಗೆ ಅರ್ಥವಾಗಿತ್ತು. ಅರ್ಥವಾದದ್ದೇ ತೊಂದರೆ. ಅವರದ್ದು ಅನಕ್ಷರತೆಯಲ್ಲ, ಮಡಿ. ಎರಡು ರಾಜ್ಯಗಳ ಅಷ್ಟೂ ಕಡತ, 79 ನಗರಸಭೆಗಳ ಅಷ್ಟೂ ಯೋಜನೆ ತೆಗೆದು ಹುಡುಕಿದರೂ ಮಡಿಗೊಂದು ಕಾಲಂ ಸಿಕ್ಕಲಾರದು.

ಪರಿಹಾರ ಹೇಳಿದ್ದು ಗ್ರ್ಯಾನಿ ಫ್ಲ್ಯಾಟಿನ ಹುಡುಗ. ‘ಗ್ಯಾರೇಜಿನ್ಯಾಗ ಅಣ್ಣಾವ್ರ ಬಿಯರ್ ಫ್ರಿಜ್ ಐತಲ್ರೀ ಅಕ್ಕಾರ. ಅದು ಹೆಂಗೂ ಮೈಲಿಗಿನ.’ ಅತ್ತೆ ಒಂದು ನಿಮಿಷ ಯೋಚಿಸಿ ಅಪ್ಪಣೆ ಕೊಟ್ಟರು. ಕಿಟ್ ಹೋಯಿತು, ಫಲಿತಾಂಶ ಬಂತು, ಏನೂ ತೊಂದರೆಯಿಲ್ಲ. ಮುಂದಿನ ತಿಂಗಳು ಅತ್ತೆ ತಮ್ಮ ಕಿಟ್ಟನ್ನೂ ಕಪಾಟಿನಿಂದ ಹೊರತೆಗೆದರು. ನ್ಯೂ ಸೌತ್ ವೇಲ್ಸಿನ ಆರೋಗ್ಯ ಸಾಕ್ಷರತೆ ಆ ದಿನ ಹೆಚ್ಚಿದ್ದು ಯಾವ ಚೌಕಟ್ಟಿನಿಂದಲೂ ಅಲ್ಲ, ಒಂದು ಬಿಯರ್ ಫ್ರಿಜ್ಜಿನಿಂದ.

ಮಾತ್ರೆಯ ಕಥೆಯೂ ಹೀಗೆಯೇ. ಮಾವನವರಿಗೆ ಒಮ್ಮೆ ದಿನಕ್ಕೆ ಮೂರು ಸಲ ‘ಆಹಾರದ ಜೊತೆ’ ತೆಗೆದುಕೊಳ್ಳುವ ಮಾತ್ರೆ ಕೊಟ್ಟಿದ್ದರು. ವಾರದ ಕೊನೆಯಲ್ಲಿ ಎಣಿಸಿದರೆ ಒಂಬತ್ತು ಉಳಿದಿವೆ. ಕೇಳಿದರೆ, ‘ಊಟದ ಜೊತೆ ಅಂತ ನೀನೇ ಹೇಳಿದೆಯಲ್ಲಮ್ಮ. ನಾನು ಊಟ ಮಾಡೋದು ಎರಡೇ ಹೊತ್ತು. ಬೆಳಿಗ್ಗೆ ತಿನ್ನೋದು ತಿಂಡಿ.’ ಏಳು ದಿನಕ್ಕೆ ಏಳು ಸರಿ, ಇನ್ನೆರಡು? ‘ಮಧ್ಯೆ ಏಕಾದಶಿ ಬಂತಲ್ಲ.’ ಇದು ಅಜ್ಞಾನವಲ್ಲ, ಅತಿಜ್ಞಾನ. ಕನ್ನಡದಲ್ಲಿ ಊಟ ಬೇರೆ, ತಿಂಡಿ ಬೇರೆ, ಫಲಾಹಾರ ಬೇರೆ. ಅನುವಾದಿಸಿದವಳು ನಾನು, ತಪ್ಪೂ ನನ್ನದೇ. ‘ಹೊಟ್ಟೆಗೆ ಏನಾದರೂ ಬಿದ್ದ ಮೇಲೆ’ ಎಂದಿದ್ದರೆ ಮುಗಿಯುತ್ತಿತ್ತು.

ಸೊಸೆಯರು ಅನುವಾದಿಸಬಾರದು ಎಂಬುದೇ ಇಲ್ಲಿಯ ನಿಯಮ. ಆಸ್ಪತ್ರೆಯಲ್ಲಿ ಮನೆಯವರ ಬದಲು ತರಬೇತಿ ಪಡೆದ ದುಭಾಷಿ ಇರಬೇಕೆನ್ನುವುದು ಸರ್ಕಾರದ ಲಿಖಿತ ನೀತಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಒಳ್ಳೆಯ ನೀತಿ. ಅದನ್ನು ನಂಬಿ ಮಾವನವರ ಮುಂದಿನ ತಪಾಸಣೆಗೆ ದುಭಾಷಿ ಬೇಕೆಂದು ಒಂದು ಆಸ್ಪತ್ರೆಗೆ ಹೇಳಿದೆ. ಅವರು ‘ಇಂಡಿಯನ್’ ಎಂದು ಬರೆದುಕೊಂಡರು. ಹೋದ ದಿನ ನಗುನಗುತ್ತ ಎದುರಾದವರು ಹಿಂದಿಯವರು. ‘ನಮಸ್ತೇ ಅಂಕಲ್‌ಜೀ, ಕ್ಯಾ ತಕಲೀಫ್ ಹೈ?’ ಮಾವನವರು ಕೈಮುಗಿದು, ‘ನೋ ತಕಲೀಫ್’ ಎಂದು ಎದ್ದೇಬಿಟ್ಟರು. ಬೆಂಗಳೂರಿನಲ್ಲಿ ಒಪ್ಪದ ಹೇರಿಕೆಯನ್ನು ಪ್ರಾಸ್ಟೇಟಿಗೋಸ್ಕರ ಸಿಡ್ನಿಯಲ್ಲಿ ಒಪ್ಪುವುದೇ?

ಬೇಸರದ ಸಂಗತಿಯೆಂದರೆ ಸರ್ಕಾರಕ್ಕೆ ಕನ್ನಡ ಗೊತ್ತಿಲ್ಲದೇ ಇಲ್ಲ. ಅಂಕಿಅಂಶ ಇಲಾಖೆಯ ಭಾಷಾಪಟ್ಟಿಯಲ್ಲಿ ಕನ್ನಡಕ್ಕೆ 5101 ಎಂಬ ಸಂಖ್ಯೆಯಿದೆ. ತುಳುವಿಗೂ ಇದೆ, 5105. ದ್ರಾವಿಡ ಭಾಷೆಗಳ ಸಾಲಿನಲ್ಲಿ ನಾವೇ ಮೊದಲು. ಜನಗಣತಿಯ ದಿನ ನಾವು 5101, ಆಸ್ಪತ್ರೆಯ ಬಾಗಿಲಲ್ಲಿ ‘ಇಂಡಿಯನ್’.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಅತ್ತೆ ಬಿಡುವುದಿಲ್ಲ.

ಕನ್ನಡದ ಹುಡುಗ ಹುಡುಗಿಯರು ಸಿಸಿಎಲ್ ಕೋಚಿಂಗ್ ತೆಗೆದುಕೊಂಡು ಯಕೃತ್ತು, ಗುದನಾಳ, ಅರಿವಳಿಕೆ ಎಂದೆಲ್ಲ ಬಾಯಿಪಾಠ ಮಾಡುತ್ತಾರೆ. ಐದು ಅಂಕ ಬಂತು, ವೀಸಾ ಬಂತು, ಯಕೃತ್ತು ಮರೆತುಹೋಯಿತು. ಸಂಘದ ಗಣೇಶೋತ್ಸವದಲ್ಲಿ ಸಾವಿರ ಜನ ಸೇರುತ್ತೇವೆ, ಪುಳಿಯೋಗರೆಗೆ ಸ್ವಯಂಸೇವಕರ ನೂಕುನುಗ್ಗಲು. ‘ಪಕ್ಕದ ಬೀದಿಯ ಅಜ್ಜಿಯ ಜೊತೆ ಆಸ್ಪತ್ರೆಗೆ ಯಾರು ಹೋಗುತ್ತೀರಿ’ ಎಂದರೆ ಎಲ್ಲರಿಗೂ ಮಕ್ಕಳ ಈಜು ಕ್ಲಾಸು. ಅಜ್ಜಿಗೂ ಸಂಕೋಚವಿದೆ ಅನ್ನಿ. ಇವತ್ತು ಗರ್ಭಕೋಶದ ವಿಷಯ ಅನುವಾದಿಸಿದವರೇ ನಾಳೆ ಅರಿಶಿನ ಕುಂಕುಮಕ್ಕೆ ಎದುರಾಗುತ್ತಾರೆ. ಸಣ್ಣ ಊರಿನ ಕಷ್ಟ ಇದು. ಸಿಡ್ನಿ ಎಷ್ಟು ದೊಡ್ಡದಾದರೂ ಸಿಡ್ನಿಯ ಕನ್ನಡ ಸಣ್ಣ ಊರೇ.

ಇನ್ನು ಡಾಕ್ಟರು ಕೊನೆಯಲ್ಲಿ ‘ಏನಾದರೂ ಪ್ರಶ್ನೆ?’ ಎಂದು ಕೇಳುತ್ತಾರೆ. ಊರಿನಲ್ಲಿ ಡಾಕ್ಟರನ್ನು ಪ್ರಶ್ನೆ ಕೇಳಿದರೆ ಬೈಸಿಕೊಂಡು ಅಭ್ಯಾಸ. ನಾವು ‘ನೋ ಡಾಕ್ಟರ್, ಥ್ಯಾಂಕ್ಯೂ ಡಾಕ್ಟರ್’ ಎಂದು ಹೊರಗೆ ಬಂದು, ಕಾರಿನಲ್ಲಿ ಕೂತು, ಎಲ್ಲ ಪ್ರಶ್ನೆಗಳನ್ನೂ ವಾಟ್ಸ್ಆ್ಯಪ್ ಗುಂಪಿಗೆ ಕೇಳುತ್ತೇವೆ. ಅಲ್ಲಿ ಮೆಂತ್ಯೆ ನೆನೆಸಿದ ನೀರು ಕುಡಿಯಿರಿ ಎಂದು ಉತ್ತರ ಬರುತ್ತದೆ. ಯಾವ ಪ್ರಶ್ನೆಗಾದರೂ ಸರಿ, ಉತ್ತರ ಮೆಂತ್ಯೆ.

ಹಾಗಾದರೆ ಆರೋಗ್ಯದ ಮಾತನ್ನು ಸರಳವಾಗಿ ಹೇಳಲು ಯಾರಿಗೂ ಬರುವುದೇ ಇಲ್ಲವೇ? ಬರುತ್ತದೆ. 1981ರಲ್ಲಿ ಇದೇ ವಿಕ್ಟೋರಿಯಾದಲ್ಲಿ ಕ್ಯಾನ್ಸರ್ ಕೌನ್ಸಿಲ್‌ನವರು ಒಂದು ಕಾರ್ಟೂನ್ ಕಡಲಹಕ್ಕಿಯ ಬಾಯಲ್ಲಿ ಮೂರು ಮಾತು ಆಡಿಸಿದರು: ಸ್ಲಿಪ್, ಸ್ಲಾಪ್, ಸ್ಲ್ಯಾಪ್. ಅಂಗಿ ತೊಡು, ಕ್ರೀಮ್ ಬಳಿ, ಟೋಪಿ ಹಾಕು. ನಲವತ್ತು ವರ್ಷ ದಾಟಿದರೂ ಇಲ್ಲಿಯ ಮಕ್ಕಳು ಮರೆತಿಲ್ಲ. ನಮ್ಮಲ್ಲಿ ಪಲ್ಸ್ ಪೋಲಿಯೋ ಬಂದಾಗ ಹೇಳಿದ್ದು ಎರಡೇ ಪದ: ಎರಡು ಹನಿ. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಬರೀ ಆ ಎರಡು ಪದದಿಂದಲ್ಲ, ನಿಜ. ಆ ಎರಡು ಪದ ಹಿಡಿದುಕೊಂಡು ಮನೆಮನೆ ಬಾಗಿಲು ತಟ್ಟಿದ ಹೆಣ್ಣುಮಕ್ಕಳಿಂದ. ಡಾ. ಅನುಪಮಾ ನಿರಂಜನ ‘ತಾಯಿ–ಮಗು’ ಬರೆದಾಗ ಕನ್ನಡದ ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. ಅದಕ್ಕೆ ಯಾರೂ ‘ಅನುಷ್ಠಾನ ಕಾರ್ಯತಂತ್ರ’ ಬರೆದಿರಲಿಲ್ಲ. ‘ಕೊರವಂಜಿ’ ಎಂಬ ನಗೆಪತ್ರಿಕೆ 1942ರಲ್ಲಿ ಶುರು ಮಾಡಿದ ರಾಶಿಯವರು ವೃತ್ತಿಯಿಂದ ಡಾಕ್ಟರು. ರೋಗಿಯನ್ನು ನಗಿಸಿ ಅರ್ಥ ಮಾಡಿಸಬಹುದೆಂದು ನಮ್ಮವರಿಗೆ ಯಾವತ್ತೋ ಗೊತ್ತಿತ್ತು.

ಆಸ್ಟ್ರೇಲಿಯಾದ ಆರೋಗ್ಯ ಸುರಕ್ಷತೆ ಮತ್ತು ಗುಣಮಟ್ಟದ ಆಯೋಗವೂ 2014ರಲ್ಲೇ ಒಪ್ಪಿಕೊಂಡಿದೆ: ಆರೋಗ್ಯ ಸಾಕ್ಷರತೆಗೆ ಎರಡು ಮುಖ. ಒಂದು, ರೋಗಿಗೆ ಎಷ್ಟು ತಿಳಿಯುತ್ತದೆ. ಇನ್ನೊಂದು, ಆಸ್ಪತ್ರೆಯ ಫಾರಮ್ಮು, ಫಲಕ, ಮಾತು, ವ್ಯವಸ್ಥೆ ಎಷ್ಟು ತಿಳಿಯುವಂತಿದೆ. ಯೋಜನೆಗಳು ಮೊದಲನೆಯದನ್ನು ತಿದ್ದಲು ಹೊರಡುತ್ತವೆ, ಏಕೆಂದರೆ ರೋಗಿ ತಿರುಗಿ ಮಾತಾಡುವುದಿಲ್ಲ. ಎರಡನೆಯದನ್ನು ತಿದ್ದಬೇಕಾದರೆ ಬರೆಯುವವರು ತಮ್ಮ ವಾಕ್ಯವನ್ನೇ ತಿದ್ದಬೇಕಾಗುತ್ತದೆ.

ಆದ್ದರಿಂದ ಎರಡೂ ರಾಜ್ಯಗಳಿಗೆ ನನ್ನದೊಂದು ಪುಟ್ಟ ಯೋಜನೆ. ಅವಧಿ ಬೇಡ, ಆದ್ಯತೆ ಬೇಡ, ದುಂಡನೆಯ ಚಿತ್ರ ಬೇಡ. ಹೆಸರು ‘ಅತ್ತೆ ಪರೀಕ್ಷೆ’. ಆರೋಗ್ಯದ ಯಾವ ಕಾಗದವೇ ಆಗಲಿ, ಅಚ್ಚಿಗೆ ಹೋಗುವ ಮುಂಚೆ ವೆಂಟ್‌ವರ್ತ್‌ವಿಲ್‌ನ ಒಂದು ಅಡುಗೆಮನೆಯಲ್ಲಿ, ಟಾರ್ನೀಟ್‌ನ ಇನ್ನೊಂದು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಬೇಕು. ಕನ್ನಡದ ಕಾಗದವಾದರೂ ಬಿಡಬಾರದು. ಮೊನ್ನೆ ಕನ್ನಡಕ್ಕೆ ಇಳಿಸಿದ ಕರಪತ್ರವೊಂದನ್ನು ಓದಿ ಅತ್ತೆ, ‘ಅಧಿಕ ರಕ್ತದೊತ್ತಡ ಅಂತೆ, ಪುಣ್ಯಕ್ಕೆ ನನಗದೆಲ್ಲ ಇಲ್ಲ. ಬರೀ ಬಿಪಿ’ ಎಂದು ನಿಟ್ಟುಸಿರು ಬಿಟ್ಟರು. ಪರೀಕ್ಷೆ ಇಷ್ಟೇ: ಓದಿ ಮುಗಿಸಿದಾಗ ಅತ್ತೆ ‘ಅಂದರೆ ಈಗ ನಾನೇನು ಮಾಡಬೇಕು?’ ಎಂದು ಕೇಳಿದರೆ ಕಾಗದ ಫೇಲು. ‘ಸರಿ, ನಾಳೆ ಮಾಡ್ತೀನಿ’ ಎಂದರೆ ಪಾಸು. ಖರ್ಚು, ಎರಡು ಲೋಟ ಕಾಫಿ.

ಸರ್ಕಾರ ಇದನ್ನು ಓದುವ ತನಕ ನೀವು ಕಾಯಬೇಕಿಲ್ಲ. 1973ರಲ್ಲಿ ಇವೇ ಎರಡು ಊರುಗಳಲ್ಲಿ, ಸಿಡ್ನಿ ಮತ್ತು ಮೆಲ್ಬರ್ನ್‌ನಲ್ಲಿ, ಫೋನಿನಲ್ಲಿ ದುಭಾಷಿ ಸಿಗುವ ಸೇವೆಯೊಂದು ಶುರುವಾಯಿತು. ಇವತ್ತಿಗೂ ನಡೆಯುತ್ತಿದೆ, ಹಗಲೂ ರಾತ್ರಿ. ನಂಬರ್ 131 450. ಅಪ್ಪ ಅಮ್ಮ, ಅತ್ತೆ ಮಾವ ನಿಮ್ಮ ಜೊತೆಗಿದ್ದರೆ ಇವತ್ತೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಒಳಗಿನ ಫ್ರಿಜ್ಜಾದರೂ ಸರಿ, ಗ್ಯಾರೇಜಿನದಾದರೂ ಸರಿ. ಐದು ಅಂಕ ಪಡೆದ ಹುಡುಗ ಹುಡುಗಿಯರು ವರ್ಷಕ್ಕೊಂದು ಸಲವಾದರೂ ಪಕ್ಕದ ಬೀದಿಯ ಅಜ್ಜಿಗೆ ಆ ನಂಬರಿಗೆ ಫೋನ್ ಮಾಡಲು ಕಲಿಸಿ. ಆಸ್ಪತ್ರೆಯವರು ಯಾವ ಭಾಷೆ ಎಂದು ಕೇಳಿದಾಗ ‘ಇಂಡಿಯನ್’ ಅನ್ನಬೇಡಿ, ‘ಪರವಾಗಿಲ್ಲ, ಇಂಗ್ಲಿಷೇ ಸಾಕು’ ಎಂದೂ ಅನ್ನಬೇಡಿ.

‘ಕನ್ನಡ’ ಅನ್ನಿ. ಒಂದೇ ಪದ. ಇನ್ನೂ ಮೂವತ್ತನಾಲ್ಕು ಉಳಿಯುತ್ತವೆ, ನೋವು ಎಲ್ಲಿದೆ ಎಂದು ಹೇಳುವುದಕ್ಕೆ.